ಸಿಸೇರಿಯನ್ ಆದ ಮೇಲೆ ನಾರ್ಮಲ್ ಹೆರಿಗೆ: ಹಾಸನದ ಆಸ್ಪತ್ರೆಗಳನ್ನು ರಾತ್ರಿ ಎರಡು ಗಂಟೆಗೆ ಅಳೆದು ನೋಡಿದರೆ

ಮೊದಲ ಮಗು ಸಿಸೇರಿಯನ್, ಎರಡನೆಯದು ಹೊಟ್ಟೆಯಲ್ಲಿ. ಹಾಸನದ ಓಪಿಡಿಗಳಲ್ಲಿ ಇಂಥವರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಸಿಗುತ್ತದೆ. "ಒಂದ್ಸಲ ಕುಯ್ದ್ ಮೇಲೆ ಮತ್ತೆ ಕುಯ್ಯೋದೇ ಕಣಮ್ಮ, ಡೇಟ್ ಹಾಕ್ಕೊಳಿ" ಎನ್ನುವುದು ಒಂದು. "ನೋಡಣ, ನೋವ್ ಬಂದ್ರೆ ನಾರ್ಮಲ್ಲೇ ಆಗ್ಲಿ" ಎನ್ನುವುದು ಇನ್ನೊಂದು. ಮೊದಲನೆಯದನ್ನು ಕೇಳಿದವರು ಹೆದರಿ ಬರುತ್ತಾರೆ, ಎರಡನೆಯದನ್ನು ಕೇಳಿದವರು ಖುಷಿಯಾಗಿ ಬರುತ್ತಾರೆ. ನಮ್ಮ ಮಟ್ಟಿಗೆ ಎರಡನೆಯ ಮಾತೇ ಹೆಚ್ಚು ಅಪಾಯದ್ದು. ಹಿಂದಿನ ಹೊಲಿಗೆಯ ವಿವರ ಕೇಳದೆ, ಹೆರಿಗೆಯ ರಾತ್ರಿ ಆಪರೇಷನ್ ಥಿಯೇಟರಿನಲ್ಲಿ ಯಾರಿರುತ್ತಾರೆಂದು ಹೇಳದೆ ಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ.

ಸಿಸೇರಿಯನ್ ಆದವರಿಗೆ ಮುಂದೆ ನಾರ್ಮಲ್ ಹೆರಿಗೆ ಆಗುವುದನ್ನು ಡಾಕ್ಟರುಗಳು ವಿಬ್ಯಾಕ್ ಅನ್ನುತ್ತಾರೆ; ಇನ್ನೂ ಪ್ರಯತ್ನದ ಹಂತದಲ್ಲಿದ್ದರೆ ಕೇಸ್ ಶೀಟಿನಲ್ಲಿ ಟೋಲ್ಯಾಕ್ ಎಂದು ಬರೆಯುತ್ತಾರೆ. ಊರಿನ ನರ್ಸಿಂಗ್ ಹೋಮ್, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜು ಆಸ್ಪತ್ರೆ ಈ ಮೂರು ಬಗೆಯ ಜಾಗಗಳನ್ನು ಒಂದು ಸೇವೆ ಎಂದು ಅಳೆದರೆ ಯಾವುದಕ್ಕೆ ಎಷ್ಟು ಅಂಕ ಕೊಡಬಹುದು ಎಂಬುದು ಇಲ್ಲಿಯ ವಿಷಯ. ಆಸ್ಪತ್ರೆಯ ಎಸಿ, ರೂಮು, ಊಟ ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ಅಂಕಿಅಂಶ, ಏಕೆಂದರೆ ಮನೆಯ ಜಗಳಗಳೆಲ್ಲ ಇದರ ಮೇಲೆಯೇ. ಬ್ರಿಟನ್ನಿನ ಹೆರಿಗೆ ತಜ್ಞರ ಸಂಸ್ಥೆಯಾದ ರಾಯಲ್ ಕಾಲೇಜಿನ 2015ರ ಮಾರ್ಗಸೂಚಿಯ ಪ್ರಕಾರ, ಹಿಂದೆ ಒಂದೇ ಸಿಸೇರಿಯನ್ ಆಗಿ ಈಗ ನಾರ್ಮಲ್‌ಗೆ ಪ್ರಯತ್ನಿಸುವವರಲ್ಲಿ ಶೇ. 72ರಿಂದ 75ರಷ್ಟು ಮಂದಿಗೆ ನಾರ್ಮಲ್ ಆಗುತ್ತದೆ. ಮೊದಲೊಮ್ಮೆ ನಾರ್ಮಲ್ ಹೆತ್ತವರಿಗೆ, ಅದು ಸಿಸೇರಿಯನ್‌ಗೆ ಮೊದಲೇ ಇರಲಿ ಆಮೇಲೆ ಇರಲಿ, ಶೇ. 85ರಿಂದ 90. ಹಳೆ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿಯುವ ಸಾಧ್ಯತೆ 200ರಲ್ಲಿ ಒಬ್ಬರಿಗೆ. ನೋವು ಬರುವ ಮೊದಲೇ ದಿನ ಗೊತ್ತುಮಾಡಿ ಮತ್ತೆ ಸಿಸೇರಿಯನ್ ಮಾಡಿದರೆ ಅದು 10,000ದಲ್ಲಿ ಇಬ್ಬರಿಗಿಂತ ಕಡಿಮೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಸಿಸೇರಿಯನ್ನೇ ಗೆದ್ದ ಹಾಗೆ ಕಾಣುತ್ತದೆ. ಓಪಿಡಿಯಲ್ಲಿ ಹೇಳದೆ ಬಿಡುವ ಇನ್ನರ್ಧ ಮುಂದಿನ ಬಸುರಿಗೆ ಸೇರಿದ್ದು. ಪ್ರತಿ ಸಿಸೇರಿಯನ್ ಆದಂತೆಲ್ಲ ಮುಂದಿನ ಸಲ ಕಸ (ಮಾಸು, ಪ್ಲಸೆಂಟಾ) ಹಳೆ ಹೊಲಿಗೆಗೆ ಅಂಟಿಕೊಂಡು ಕೂರುವ ಭಯ ಏರುತ್ತದೆ. ಕಸ ಕೆಳಗೆ, ಗರ್ಭಕೋಶದ ಬಾಯಿಯ ಮೇಲೆ ಕೂತವರನ್ನೇ ತೆಗೆದುಕೊಂಡರೆ, ಹೀಗೆ ಗಟ್ಟಿಯಾಗಿ ಅಂಟುವುದು ಮೊದಲ ಸಿಸೇರಿಯನ್ ವೇಳೆ ಶೇ. 3, ಎರಡನೆಯದರ ವೇಳೆ ಶೇ. 11, ಮೂರನೆಯದರ ವೇಳೆ ಶೇ. 40 ಎಂದು ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ಅಂಥ ಹೆರಿಗೆಯಲ್ಲಿ ರಕ್ತ ಬಕೆಟ್ಟುಗಟ್ಟಲೆ ಹೋಗಿ ಗರ್ಭಕೋಶವನ್ನೇ ತೆಗೆಯಬೇಕಾಗಿ ಬರುವುದುಂಟು. ಆದ್ದರಿಂದ "ಇನ್ನೆಷ್ಟು ಮಕ್ಕಳು ಬೇಕು?" ಎಂದು ಡಾಕ್ಟರ್ ಕೇಳಿದರೆ ಅದು ಕುತೂಹಲಕ್ಕಲ್ಲ. ಎರಡೇ ಸಾಕು ಎನ್ನುವವರ ಲೆಕ್ಕ ಬೇರೆ, ಮೂರನೆಯದರ ಆಸೆ ಇರುವವರ ಲೆಕ್ಕ ಬೇರೆ. ಈ ಪ್ರಶ್ನೆಯನ್ನೇ ಕೇಳದೆ ಡೇಟ್ ಬರೆದ ಕಡೆಗೆ ಸಲಹೆಯ ವಿಷಯದಲ್ಲಿ ನಮ್ಮಿಂದ ಸೊನ್ನೆ ಅಂಕ.

ಹಳೆ ಕಾಗದದ ವಿಚಾರ

ಒಮ್ಮೆ ಸಿಸೇರಿಯನ್ ಆದರೆ ಮುಂದೆಲ್ಲ ಸಿಸೇರಿಯನ್ನೇ ಎಂಬ ಮಾತನ್ನು 1916ರಲ್ಲಿ ಬರೆದವರು ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್. ಆಗ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕುಯ್ಯುತ್ತಿದ್ದರು. ಆ ಭಾಗ ಹೆರಿಗೆ ನೋವಿನಲ್ಲಿ ಹಿಂಡುವ ದಪ್ಪ ಸ್ನಾಯು. ಅಲ್ಲಿಯ ಹೊಲಿಗೆ ನಿಲ್ಲುವುದು ಕಷ್ಟ. ಈಗ ಮಾಡುವುದು ಕೆಳಭಾಗದಲ್ಲಿ ಅಡ್ಡ ಕುಯ್ತ, ಡಿಸ್ಚಾರ್ಜ್ ಕಾಗದದಲ್ಲಿ ಎಲ್‌ಎಸ್‌ಸಿಎಸ್ ಎಂದು ಬರೆಯುವುದು ಅದನ್ನೇ. ಮೇಲಿನ ಅಂಕಿಗಳೆಲ್ಲ ಈ ಅಡ್ಡ ಕುಯ್ತದವು. ಉದ್ದ ಕುಯ್ತವಾಗಿದ್ದರೆ, ಟಿ ಆಕಾರದಲ್ಲಿ ಕುಯ್ದಿದ್ದರೆ, ಹಿಂದೆ ಗರ್ಭಕೋಶ ಬಿರಿದಿದ್ದರೆ, ಈ ಸಲ ಕಸ ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ ನಾರ್ಮಲ್ ಯೋಚನೆ ಅಲ್ಲಿಗೇ ಬಿಡಬೇಕು. ಹೊಟ್ಟೆ ಚರ್ಮದ ಮೇಲಿನ ಗೆರೆ ನೋಡಿ ಒಳಗಿನದನ್ನು ಹೇಳಲು ಬರುವುದಿಲ್ಲ. ಹೊರಗೆ ಅಡ್ಡ ಗೆರೆ ಇದ್ದೂ ಒಳಗೆ ಉದ್ದಕ್ಕೆ ಕುಯ್ದಿರಬಹುದು, ವಿಶೇಷವಾಗಿ ತಿಂಗಳು ತುಂಬದ ಮಗುವನ್ನು ತೆಗೆದಿದ್ದರೆ.

ನಮ್ಮ ಕಡೆ ಎಡವಟ್ಟಾಗುವುದು ಇಲ್ಲೇ. ಮೊದಲ ಹೆರಿಗೆ ತವರಿನಲ್ಲಿ, ಅಂದರೆ ಕಡೂರಿನಲ್ಲೋ ತಿಪಟೂರಿನಲ್ಲೋ. ಕಾಗದ ಅಮ್ಮನ ಮನೆ ಬೀರುವಿನಲ್ಲಿ. ಇಲ್ಲಿಯ ಡಾಕ್ಟರಿಗೆ ಸಿಗುವುದು ತಾಯಿ ಕಾರ್ಡಿನ ಒಂದು ಸಾಲು: ಪ್ರೀವಿಯಸ್ ಸಿಸೇರಿಯನ್. ಆ ಕಾಗದವನ್ನು ಮೂರನೇ ತಿಂಗಳೊಳಗೆ ತರಿಸಿಕೊಳ್ಳಿ. ಸಿಗದಿದ್ದರೆ ಆ ಆಸ್ಪತ್ರೆಗೆ ಹೋಗಿ ಆಪರೇಷನ್ ನೋಟ್ಸ್ ಪ್ರತಿ ಕೇಳಿ. ಅದರಲ್ಲಿ ನೋಡಬೇಕಾದ್ದು: ಯಾವ ಕಾರಣಕ್ಕೆ ಸಿಸೇರಿಯನ್ ಮಾಡಿದರು, ಕುಯ್ತ ಅಡ್ಡವೋ ಉದ್ದವೋ, ಕುಯ್ತ ಪಕ್ಕಕ್ಕೆ ಅಥವಾ ಕೆಳಕ್ಕೆ ಹರಿದಿತ್ತೇ, ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿತ್ತು, ಆಮೇಲೆ ಜ್ವರ ಬಂದು ಹೊಲಿಗೆ ಕೀವಾಗಿತ್ತೇ. ಮಗು ತಲೆ ಮೇಲಾಗಿ ಕೂತಿದ್ದಕ್ಕೆ ಸಿಸೇರಿಯನ್ ಆಗಿದ್ದರೆ ಈ ಸಲ ಆ ಕಾರಣ ಇಲ್ಲದಿರಬಹುದು, ಅವಕಾಶ ಚೆನ್ನಾಗಿದೆ. ಪೂರ್ತಿ ನೋವು ಬಂದೂ ಮಗು ಇಳಿಯದೆ ಸಿಸೇರಿಯನ್ ಆಗಿದ್ದರೆ ಅವಕಾಶ ಕಡಿಮೆ, ಇಲ್ಲ ಎಂದಲ್ಲ.

ಕಡಿಮೆ ಮಾಡುವ ಬೇರೆ ಸಂಗತಿಗಳೂ ಇವೆ: ತೂಕ ತೀರಾ ಹೆಚ್ಚಿರುವುದು (ಬಿಎಂಐ 30 ದಾಟುವುದು), ಮಗು 4 ಕೆಜಿ ಮೀರುವ ಅಂದಾಜು, ತಾನಾಗಿ ನೋವು ಬಾರದೆ ಬರಿಸಬೇಕಾಗುವುದು. ಹಿಂದೆ ಮಗು ಇಳಿಯದೆ ಸಿಸೇರಿಯನ್ ಆಗಿ, ಒಮ್ಮೆಯೂ ನಾರ್ಮಲ್ ಆಗದೆ, ಬಿಎಂಐ 30 ದಾಟಿ, ನೋವನ್ನೂ ಬರಿಸಬೇಕಾದವರಲ್ಲಿ ಗೆಲ್ಲುವುದು ಶೇ. 40ರಷ್ಟು ಮಾತ್ರ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ಬಿರಿಯುವ ಭಯ ಹೆಚ್ಚು.

ಇನ್ನು ಸ್ಕ್ಯಾನಿಂಗ್. ಎಂಟನೇ ತಿಂಗಳಲ್ಲಿ "ಸ್ಕಾರ್ ಥಿಕ್‌ನೆಸ್" ಇಷ್ಟು ಮಿಲಿಮೀಟರ್ ಎಂದು ರಿಪೋರ್ಟ್ ಕೊಟ್ಟು, ಆ ಒಂದು ಅಂಕಿ ತೋರಿಸಿ "ತೆಳು ಆಗಿದೆ, ಒಡೆದೋಗುತ್ತೆ" ಎಂದು ಹೆದರಿಸುವ ರೂಢಿ ಬೆಳೆದಿದೆ. ಇಷ್ಟಿದ್ದರೆ ಸರಿ, ಇಷ್ಟಿಲ್ಲದಿದ್ದರೆ ತಪ್ಪು ಎಂದು ಎಲ್ಲರೂ ಒಪ್ಪಿದ ಗಡಿ ಇಲ್ಲ; ಅಳೆಯುವವರ ಕೈ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸ್ಕ್ಯಾನಿಂಗ್‌ನಿಂದ ನಿಜಕ್ಕೂ ಬೇಕಾದ್ದು ಕಸದ ಜಾಗ: ಐದನೇ ತಿಂಗಳ ಸ್ಕ್ಯಾನಿನಲ್ಲಿ ಅದು ಕೆಳಗಿದ್ದು ಹಳೆ ಹೊಲಿಗೆಯ ಮೇಲೇ ಇದೆ ಎಂದರೆ 32 ವಾರಕ್ಕೆ ಮತ್ತೆ ನೋಡಿಸಲೇಬೇಕು.

ರಾತ್ರಿ ಯಾರಿರುತ್ತಾರೆ

ನಾರ್ಮಲ್ ಪ್ರಯತ್ನದಲ್ಲಿ ನೀವು ನಿಜವಾಗಿ ದುಡ್ಡು ಕೊಡುವುದು, ಅಥವಾ ಸರ್ಕಾರಿಯಾದರೆ ಸಾಲಿನಲ್ಲಿ ನಿಲ್ಲುವುದು, ತುರ್ತು ಸಿಸೇರಿಯನ್‌ನ ಸಿದ್ಧತೆಗೆ. ತೀರ್ಮಾನದಿಂದ ಮಗು ಹೊರಬರುವವರೆಗೆ 30 ನಿಮಿಷ ಎಂಬುದು ಸಾಮಾನ್ಯ ಅಳತೆ, ಗರ್ಭಕೋಶ ಬಿರಿದಾಗ ಅದೂ ಜಾಸ್ತಿಯೇ. ಹಾಗಾಗಿ ಆಸ್ಪತ್ರೆಯನ್ನು ಬೆಳಗ್ಗೆ ಹನ್ನೊಂದರ ಓಪಿಡಿಯಲ್ಲಿ ನೋಡಿ ಒಪ್ಪಬಾರದು.

ಕೇಳಬೇಕಾದ ಮೊದಲ ಪ್ರಶ್ನೆ ಅರಿವಳಿಕೆ ಡಾಕ್ಟರದ್ದು. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಅವರನ್ನು ಫೋನ್ ಮಾಡಿ ಕರೆಸುವ ಏರ್ಪಾಡು. ಒಬ್ಬರೇ ನಾಲ್ಕಾರು ಕಡೆ ಹೋಗುವವರಿರುತ್ತಾರೆ. ದಿನ ಗೊತ್ತುಮಾಡಿದ ಸಿಸೇರಿಯನ್‌ಗೆ ಇದು ಧಾರಾಳ ಸಾಕು. ನಡುರಾತ್ರಿ ಮಗುವಿನ ಎದೆಬಡಿತ ಬಿದ್ದಾಗ, ಅವರು ಇನ್ನೊಂದು ಥಿಯೇಟರಿನಲ್ಲಿ ಕೈಹಾಕಿದ್ದರೆ ನಿಮ್ಮ 30 ನಿಮಿಷ ಫೋನಿನಲ್ಲೇ ಹೋಯಿತು. "ಬರ್ತಾರೆ" ಎನ್ನುವ ಉತ್ತರ ಸಾಲದು. "ರಾತ್ರಿ ಎರಡಕ್ಕೆ ಎಷ್ಟು ನಿಮಿಷದಲ್ಲಿ ಬರ್ತಾರೆ, ಅವರು ಸಿಗದಿದ್ರೆ ಇನ್ಯಾರು?" ಎಂದು ಕೇಳಿ. ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. "ನಮ್ಮಲ್ಲಿ ಆ ವ್ಯವಸ್ಥೆ ಇಲ್ಲಮ್ಮ, ನಾನು ವಿಬ್ಯಾಕ್ ಮಾಡಲ್ಲ" ಎಂದು ನೇರವಾಗಿ ಹೇಳುವ ನರ್ಸಿಂಗ್ ಹೋಮ್ ಡಾಕ್ಟರಿಗೆ ನಾವು ಪೂರ್ತಿ ಅಂಕ ಕೊಡುತ್ತೇವೆ.

ಎರಡನೆಯದು ಬೆಲ್ಟ್ ಮಷೀನ್, ಅಂದರೆ ಮಗುವಿನ ಎದೆಬಡಿತ ಮತ್ತು ನೋವನ್ನು ಕಾಗದದ ಮೇಲೆ ಬರೆಯುವ ಸಿಟಿಜಿ. ಹಳೆ ಹೊಲಿಗೆ ಬಿಡುತ್ತಿದೆ ಎಂಬುದಕ್ಕೆ ಹೆಚ್ಚಿನವರಲ್ಲಿ ಸಿಗುವ ಸೂಚನೆ ಎದೆಬಡಿತದ ಏರುಪೇರು. ನೋವು ಹೇಳಿಕೊಳ್ಳುವ ಹೊತ್ತಿಗೆ ತಡವಾಗಿರಬಹುದು. ನೋವು ಸರಿಯಾಗಿ ಹಿಡಿದ ಮೇಲೆ ಬೆಲ್ಟ್ ನಿರಂತರವಾಗಿ ಇರಬೇಕು. ಬಂದ ಕೂಡಲೇ 20 ನಿಮಿಷ ಹಾಕಿ ಬಿಚ್ಚಿ, ಪಕ್ಕದ ಹಾಸಿಗೆಗೆ ಕೊಟ್ಟರೆ ಅದು ವಿಬ್ಯಾಕ್‌ಗೆ ಸಾಲದ ವ್ಯವಸ್ಥೆ. ಲೇಬರ್ ರೂಮಿನಲ್ಲಿ ಹಾಸಿಗೆ ಎಷ್ಟು, ಮಷೀನ್ ಎಷ್ಟು ಎಂದು ಮೊದಲೇ ನೋಡಿಕೊಳ್ಳಿ. ಸರ್ಕಾರಿ ಲೇಬರ್ ರೂಮು ತುಂಬಿದ ದಿನ ಇದೇ ಅದರ ದೊಡ್ಡ ಕೊರತೆ.

ರಕ್ತ ಮೂರನೆಯದು. ಗುಂಪು ಗೊತ್ತಿದ್ದರೆ ಸಾಲದು; ಅಡ್ಮಿಟ್ ಆದಾಗಲೇ ಸ್ಯಾಂಪಲ್ ಬ್ಲಡ್ ಬ್ಯಾಂಕಿಗೆ ಹೋಗಿರಬೇಕು, ಕೈಗೆ ದಪ್ಪ ಸೂಜಿ ಹಾಕಿರಬೇಕು. ನೆಗೆಟಿವ್ ಗುಂಪಿನವರು ಒಂಬತ್ತನೇ ತಿಂಗಳಲ್ಲೇ ಯಾರು ಕೊಡುತ್ತಾರೆಂದು ಗೊತ್ತುಮಾಡಿಟ್ಟುಕೊಳ್ಳುವುದು ಒಳ್ಳೆಯದು. ಹಿಮೋಗ್ಲೋಬಿನ್ ಏಳೋ ಎಂಟೋ ಇಟ್ಟುಕೊಂಡು ವಿಬ್ಯಾಕ್‌ಗೆ ಹೊರಡುವುದು ಹುಚ್ಚು ಧೈರ್ಯ.

ಈ ಮೂರನ್ನೂ ಸೇರಿಸಿ ನೋಡಿದರೆ ಹಾಸನ ಜಿಲ್ಲೆಯ ಮಟ್ಟಿಗೆ ನಮ್ಮ ಒಲವು ಹಿಮ್ಸ್‌ನ, ಅಂದರೆ ಮೆಡಿಕಲ್ ಕಾಲೇಜಿಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಂಥ ಬೋಧಕ ಆಸ್ಪತ್ರೆಯ ಕಡೆಗೆ. ಕಾರಣ ಸರಳ: ಇಂಥ ಕಡೆ ಡಾಕ್ಟರುಗಳು ಪಾಳಿಯ ಮೇಲೆ ಒಳಗೇ ಇರುತ್ತಾರೆ, ಬ್ಲಡ್ ಬ್ಯಾಂಕೂ ನವಜಾತ ಶಿಶು ಘಟಕವೂ ಕೈಯಳತೆಯಲ್ಲಿರುತ್ತವೆ. ಬೋಧಕ ಆಸ್ಪತ್ರೆಗಳ ಕೊರತೆಗಳೂ ಎಲ್ಲರಿಗೂ ಗೊತ್ತಿರುವಂಥವೇ. ಒಂಬತ್ತು ತಿಂಗಳು ನೋಡಿದ ಡಾಕ್ಟರೇ ಹೆರಿಗೆಗೆ ಸಿಗುವುದಿಲ್ಲ, ಪಾಳಿ ಬದಲಾದಾಗ ವಿಷಯ ಕೈಬದಲಾಗಿ ಸೋರುತ್ತದೆ. ಆದ್ದರಿಂದ 36ನೇ ವಾರದಲ್ಲಿ ದೊಡ್ಡ ಡಾಕ್ಟರ್ ತೀರ್ಮಾನವನ್ನು ಕಾರ್ಡಿನ ಮೇಲೇ ಬರೆಸಿಕೊಳ್ಳಿ: ವಿಬ್ಯಾಕ್‌ಗೆ ಒಪ್ಪಿಗೆ, ತಾನಾಗಿ ನೋವು ಬಂದರೆ ಮಾತ್ರವೋ ಬರಿಸಬಹುದೋ, 40 ವಾರ ದಾಟಿದರೆ ಏನು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ವಿಶೇಷ ತಪಾಸಣೆ ಇದಕ್ಕೆ ಒಳ್ಳೆಯ ದಿನ. ಅಪಾಯದ ಬಸುರಿ ಎಂದು ಕಾರ್ಡಿಗೆ ಕೆಂಪು ಸ್ಟಿಕರ್ ಅಂಟಿಸುವುದೂ ಆಗಲೇ. ಆ ಕೆಂಪು ಬಣ್ಣ ನೋಡಿ ಅತ್ತೆ ಗಾಬರಿಯಾಗಬೇಕಿಲ್ಲ. ಪಾಳಿಯ ಸಿಸ್ಟರ್ ಕಣ್ಣಿಗೆ ಬೀಳಲಿ ಎಂದೇ ಅದು.

ಲೇಬರ್ ರೂಮಿನ ಒಳಗೆ ತಪ್ಪುವುದು ಎಲ್ಲಿ

ನೋವು ಬರಿಸುವ ವಿಷಯದಲ್ಲಿ ಎಚ್ಚರ ಬೇಕು. ಔಷಧಿಯಿಂದ ನೋವು ಬರಿಸಿದರೆ ಅಥವಾ ಹೆಚ್ಚಿಸಿದರೆ ಬಿರಿಯುವ ಸಾಧ್ಯತೆ ತಾನಾಗಿ ಬಂದ ನೋವಿಗಿಂತ ಎರಡು ಮೂರು ಪಟ್ಟು. ಕೆಳಗಿಡುವ ಮಿಸೊಪ್ರೊಸ್ಟಾಲ್ ಮಾತ್ರೆ ತಿಂಗಳು ತುಂಬಿದ, ಹಳೆ ಹೊಲಿಗೆ ಇರುವ ಗರ್ಭಕೋಶಕ್ಕೆ ಸಲ್ಲದು. ಸಾಮಾನ್ಯ ಹೆರಿಗೆಗೆ ದಿನವೂ ಬಳಸುವ ಮಾತ್ರೆಯಾದ್ದರಿಂದ ಗಡಿಬಿಡಿಯಲ್ಲಿ ಕೈ ಅದಕ್ಕೇ ಹೋಗುವ ಭಯ ಇದ್ದೇ ಇದೆ. ಏನೇ ಇಟ್ಟರೂ "ಇದೇನು, ನಂಗೆ ಮೊದಲನೇದು ಸಿಸೇರಿಯನ್" ಎಂದು ಬಾಯಿಬಿಟ್ಟು ಹೇಳಿ. ಬರಿಸಲೇಬೇಕಾದರೆ ಫೋಲಿ ಬಲ್ಬ್ ಇದೆ: ಮೂತ್ರಕ್ಕೆ ಹಾಕುವಂಥದೇ ಕೊಳವೆಯನ್ನು ಗರ್ಭಕೋಶದ ಬಾಯಿಯೊಳಗೆ ಸೇರಿಸಿ ತುದಿಯ ಬಲೂನಿಗೆ 30ರಿಂದ 60 ಮಿಲಿ ಸಲೈನ್ ತುಂಬುತ್ತಾರೆ, ಅದು ಒತ್ತಿ ಬಾಯಿ ಮೆತ್ತಗಾಗುತ್ತದೆ. ಔಷಧಿಗಿಂತ ಇದು ಮೇಲು.

ಡ್ರಿಪ್ಪಿನ ಆಕ್ಸಿಟೋಸಿನ್ ಪೂರ್ತಿ ನಿಷಿದ್ಧವಲ್ಲ, ಆದರೆ ದೊಡ್ಡ ಡಾಕ್ಟರ್ ಬಂದು ನೋಡಿ ಹಾಕಿಸಬೇಕು, ಹನಿ ಎಣಿಸಿ ಬಿಡುವ ಬದಲು ಪಂಪಿನಲ್ಲಿ ಹೋಗಬೇಕು. ಹನಿ ಎಣಿಸಿ ಬಿಟ್ಟದ್ದು ಕೈ ಅಲ್ಲಾಡಿದರೆ, ಬಾಟಲಿ ಮೇಲೆ ಕೆಳಗಾದರೆ ಹೆಚ್ಚು ಕಡಿಮೆಯಾಗುತ್ತದೆ. ಹತ್ತು ನಿಮಿಷಕ್ಕೆ ಮೂರು ನಾಲ್ಕು ನೋವು ಸಾಕು. ಐದಾದರೆ ಡ್ರಿಪ್ ಇಳಿಸಬೇಕು. ಜೊತೆಗಿರುವ ತಾಯಿಯೋ ಅಕ್ಕನೋ ಹೊಟ್ಟೆ ಮೇಲೆ ಕೈಯಿಟ್ಟು, ಗಡಿಯಾರ ನೋಡಿ ಎಣಿಸಬಹುದು. ಜನ್ಮ ಸಂಗಾತಿ ಎಂದು ಒಬ್ಬ ಹೆಂಗಸನ್ನು ಒಳಗೆ ಬಿಡುವ ವ್ಯವಸ್ಥೆ ಇರುವುದು ಇಂಥದ್ದಕ್ಕೂ ಆಗುತ್ತದೆ.

ಹೊಟ್ಟೆ ಒತ್ತುವುದು ಇನ್ನೊಂದು. ಮಗು ಬಾಗಿಲಿಗೆ ಬಂದು ನಿಂತಾಗ ಆಯಾ ಒಬ್ಬರು ಸ್ಟೂಲು ಹತ್ತಿ ಮೊಣಕೈಯಿಂದ ಮೇಲಿಂದ ದಬ್ಬುವ ಪದ್ಧತಿ ಹಲವು ಕಡೆ ಇನ್ನೂ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಯಾರಿಗೂ ಬೇಡ ಎನ್ನುತ್ತದೆ. ಹಳೆ ಹೊಲಿಗೆಯವರಿಗಂತೂ ಅದು ನೇರ ಅಪಾಯ. ಕೊನೆಯಲ್ಲಿ ಸಹಾಯ ಬೇಕಾದರೆ ವ್ಯಾಕ್ಯೂಮ್ ಇದೆ, ಫೋರ್ಸೆಪ್ಸ್ ಇದೆ. ಹೊಟ್ಟೆ ಒತ್ತಲು ಬಂದರೆ ಬೇಡ ಎನ್ನುವ ಹಕ್ಕು ನಿಮಗಿದೆ.

ನೋವು ತಡೆಯುವ ಎಪಿಡ್ಯೂರಲ್ ಕೊಟ್ಟರೆ ಹೊಲಿಗೆ ಬಿಟ್ಟದ್ದು ಗೊತ್ತಾಗುವುದಿಲ್ಲ ಎಂದು ಕೊಡದಿರುವುದು ಹಳೆ ನಂಬಿಕೆ. ಕೊಡಬಹುದು, ಪದೇ ಪದೇ ಡೋಸ್ ಏರಿಸಬೇಕಾಗಿ ಬಂದರೆ ಮಾತ್ರ ಅದೇ ಎಚ್ಚರಿಕೆಯ ಗಂಟೆ. ಉಳಿದ ಸೂಚನೆಗಳು: ಎರಡು ನೋವಿನ ನಡುವೆಯೂ ಬಿಡದ ಹೊಟ್ಟೆನೋವು, ಹಳೆ ಗಾಯದ ಜಾಗ ಮುಟ್ಟಿದರೆ ಉರಿ, ಜೋರಾಗಿ ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಂತುಹೋಗುವುದು, ಕೆಂಪು ಮೂತ್ರ, ಕೆಳಗಿಳಿದಿದ್ದ ತಲೆ ಮತ್ತೆ ಮೇಲೆ ಹೋಗುವುದು. ನೋವು ನಿಂತಿತೆಂದು "ಸುಧಾರಿಸ್ಕೊಳ್ಲಿ ಬಿಡಿ" ಎನ್ನುವ ಹೊತ್ತಲ್ಲ ಅದು. ಹೆರಿಗೆ ಆದ ಮೇಲೆ ರಕ್ತ ಸರಿಯಾಗಿ ನಿಂತಿದ್ದರೆ ಒಳಗೆ ಕೈಹಾಕಿ ಹಳೆ ಹೊಲಿಗೆ ತಡಕಿ ನೋಡುವ ಅಗತ್ಯವಿಲ್ಲ.

ಮಲೆನಾಡಿನ ಲೆಕ್ಕ

ಸಕಲೇಶಪುರದಿಂದ ಹಾಸನಕ್ಕೆ 40 ಕಿ.ಮೀ. ಅದು ಪಟ್ಟಣದಿಂದ. ಹೆತ್ತೂರು, ಹಾನುಬಾಳು ಕಡೆಯ ಎಸ್ಟೇಟುಗಳಿಂದ ಮೊದಲು ಜೀಪು, ಆಮೇಲೆ ಡಾಂಬರು. ಆಷಾಢದ ಮಳೆಗೆ ಮರ ಬಿದ್ದರೆ, ರಾತ್ರಿ ರಸ್ತೆಯಲ್ಲಿ ಆನೆ ನಿಂತರೆ 108ಕ್ಕೂ ದಾರಿಯಿಲ್ಲ. ಹೊಲಿಗೆ ಇರುವವರು ಮನೆಯಲ್ಲಿ ನೋವು ಬಲಿಯಲಿ ಎಂದು ಕಾಯುವಂತಿಲ್ಲ. ನೋವು ಲಯಕ್ಕೆ ಬಂದ ಕೂಡಲೇ ಅಥವಾ ನೀರು ಹೋದ ಕೂಡಲೇ ಆಸ್ಪತ್ರೆಯಲ್ಲಿರಬೇಕು. 37 ವಾರ ಮುಗಿದ ಮೇಲೆ ಹಾಸನದಲ್ಲೇ ನೆಂಟರ ಮನೆಯಲ್ಲಿ ಉಳಿಯಲು ಆಗುವವರಿಗೆ ಮಾತ್ರ ನಾವು ವಿಬ್ಯಾಕ್ ಹೇಳುವುದು. ಆಗದಿದ್ದರೆ 39 ವಾರಕ್ಕೆ ಗೊತ್ತುಮಾಡಿದ ಸಿಸೇರಿಯನ್ ಹೆಚ್ಚು ಕ್ಷೇಮ, ಅದರಲ್ಲಿ ಸೋಲು ಏನಿಲ್ಲ. ಮೂಡಿಗೆರೆ, ಕೊಪ್ಪ, ಶೃಂಗೇರಿಯವರು ಚಿಕ್ಕಮಗಳೂರಿಗೆ ಇದೇ ಲೆಕ್ಕ ಹಾಕಿಕೊಳ್ಳಬಹುದು. ತಾಲ್ಲೂಕು ಆಸ್ಪತ್ರೆಯ ತಿಂಗಳ ತಪಾಸಣೆ ಚೆನ್ನಾಗಿಯೇ ಇರಬಹುದು. ಒಬ್ಬರೇ ಹೆರಿಗೆ ಡಾಕ್ಟರ್ ಇರುವ ಕಡೆ ವಿಬ್ಯಾಕ್ ಬೇಡ.

ಗೊತ್ತುಮಾಡುವ ದಿನದ ಬಗ್ಗೆ ಒಂದು ಮಾತು. ನಕ್ಷತ್ರ ನೋಡಿ 37ಕ್ಕೇ ತೆಗೆಸುವವರಿದ್ದಾರೆ. 39ಕ್ಕೆ ತೆಗೆದರೂ ಶೇ. 4-5 ಮಕ್ಕಳಿಗೆ ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತದೆ, ವಿಬ್ಯಾಕ್‌ನಲ್ಲಿ ಅದು ಶೇ. 2-3, 39ಕ್ಕಿಂತ ಹಿಂದೆ ಹೋದಷ್ಟೂ ಇದು ಏರುತ್ತದೆ. ಮುಹೂರ್ತವನ್ನು 39ನೇ ವಾರದೊಳಗೇ ಹುಡುಕಿಕೊಡಲು ಜೋಯಿಸರಿಗೂ ಕಷ್ಟವೇನಿಲ್ಲ.

"ಹೇಗೂ ಕುಯ್ತಾರಲ್ಲ, ಮಕ್ಕಳಾಗದ ಆಪರೇಷನ್ನೂ ಒಟ್ಟಿಗೇ ಮುಗ್ಸಿಬಿಡಣ" ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಆರಿಸುವ ಮನೆಗಳು ಬಹಳ. ನಾರ್ಮಲ್ ಆದ ಮೇಲೂ ಏಳು ದಿನದೊಳಗೆ ಹೊಕ್ಕುಳ ಕೆಳಗೆ ಸಣ್ಣ ಕುಯ್ತದಲ್ಲಿ ಅದನ್ನು ಮಾಡುತ್ತಾರೆ. ಇದನ್ನು ಹೇಳದೆ ಬಿಡುವ ಆಸ್ಪತ್ರೆಗಳಿಗೆ ಅರ್ಧ ಅಂಕ ಕಡಿತ.

ಖರ್ಚಿನ ವಿಷಯ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ನಾರ್ಮಲ್ಲೂ ಸಿಸೇರಿಯನ್ನೂ ಉಚಿತ: ಔಷಧಿ, ರಕ್ತ, ಪರೀಕ್ಷೆ, ಹೋಗಿಬರುವ ವಾಹನ ಎಲ್ಲ ಸೇರಿ, ಊಟ ನಾರ್ಮಲ್‌ಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ. ಖಾಸಗಿಯಲ್ಲಿ ನಾರ್ಮಲ್ ಪ್ಯಾಕೇಜು ಎಷ್ಟು ಎಂದಷ್ಟೇ ಕೇಳಿ ಬರಬೇಡಿ. ಪ್ರಯತ್ನಿಸಿದ ನಾಲ್ವರಲ್ಲಿ ಒಬ್ಬರು ಕೊನೆಗೆ ಥಿಯೇಟರಿಗೆ ಹೋಗುತ್ತಾರೆ. ಲೇಬರ್ ರೂಮಿನ ಚಾರ್ಜು, ಸಿಟಿಜಿ ಚಾರ್ಜು, ಅದರ ಮೇಲೆ ತುರ್ತು ಸಿಸೇರಿಯನ್, ರಾತ್ರಿಯ ಅರಿವಳಿಕೆ ಡಾಕ್ಟರ ಫೀಸು, ಮಗುವನ್ನು ಶಿಶು ಘಟಕದಲ್ಲಿ ಇಟ್ಟರೆ ದಿನಕ್ಕೆಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಂಡು, ಆ ಒಟ್ಟು ಮೊತ್ತವನ್ನು ಗೊತ್ತುಮಾಡಿದ ಸಿಸೇರಿಯನ್ ಪ್ಯಾಕೇಜಿನ ಪಕ್ಕ ಇಟ್ಟು ನೋಡಿ. ಬರೆದುಕೊಡಲು ಒಪ್ಪದ ಕಡೆ ಅಡ್ವಾನ್ಸ್ ಕಟ್ಟಬೇಡಿ.